ಕಂಡಿದ್ದೇನೆ

ಕಸಾಮಾದ ಸಂತೆಗೆ ಬೆಳಿಗ್ಗೆ ಎಂಟಕ್ಕೇ ಬಂದೆ,
ಬಗಲಲ್ಲಿ ಹನ್ನೊಂದು ಹಾಳೆ, ಕಿಸೆಯಲ್ಲಿ ಇಲಾಖೆಯ ಪೆನ್ನು.
ಸಣ್ಣ ಉದ್ದಿಮೆಗೆಂದು ಸರಕಾರ ಕೊಟ್ಟ ಹಣ
ಯಂತ್ರವಾಗಿದೆಯೋ, ಮದುವೆಯೂಟವಾಗಿದೆಯೋ
ಕಣ್ಣಾರೆ ನೋಡಿ ಬರೆಯುವುದು ನನ್ನ ಕೆಲಸ.
ಷರಾ ಕಾಲಮ್ಮಿನಲ್ಲಿ ಒಂದೇ ಮಾತಿಗೆ ಜಾಗ:
ಕಂಡಿದ್ದೇನೆ, ಇಲ್ಲವೇ ಕಂಡಿಲ್ಲ.

ಮೊದಲ ಅಂಗಡಿ ಬ್ವಾಲ್ಯಳದು.
ತಗಡಿನ ಚಪ್ಪರ, ಹುರಿದ ಕಡಲೆಬೀಜದ ಘಮ,
ನಡುವೆ ಹಸಿರು ಬಣ್ಣದ ಅರೆಯುವ ಯಂತ್ರ,
ಹೊಟ್ಟೆಯ ಮೇಲೆ ಮುಷ್ಟಿಗಾತ್ರದ ನೆಗ್ಗು.
ಗುಂಡಿ ಒತ್ತಿದಳು. ಗುಡುಗಿತು.
ಕಂದು ಬೆಣ್ಣೆ ಸುತ್ತಿ ಸುತ್ತಿ ಡಬ್ಬಿಗಿಳಿಯಿತು.
ಬರೆದೆ.

ಎರಡನೆಯದು ಮುದುಕ ಕಪೆಂಬ್ವನದು. ಹಸಿರು ಯಂತ್ರ.
ಮೂರನೆಯದು ಅವನ ನಾದಿನಿಯದು. ಹಸಿರು.
ಒಂದೇ ಕಡೆ ಕೊಂಡಿರಬೇಕು, ಅಂದುಕೊಂಡೆ,
ಸಗಟಿನಲ್ಲಿ ಸೋವಿ ಸಿಗುತ್ತದೆ.
ನಾಲ್ಕನೆಯದನ್ನು ಮುಟ್ಟಿದರೆ
ಜ್ವರದ ಮಗುವಿನ ಹಣೆಯಂತೆ ಬಿಸಿ.
ಆ ಅಂಗಡಿಗೆ ಕರೆಂಟಿನ ತಂತಿಯೇ ಇರಲಿಲ್ಲ.
ಅಷ್ಟರಲ್ಲಿ ಕೈ ಬರೆದಾಗಿತ್ತು.

ಐದನೆಯ ಅಂಗಡಿಯಲ್ಲಿ ಯಂತ್ರವಿಲ್ಲ.
ಬಾನಾ ಕಸೊಂಡೆ, ಅಂದರೆ ಕಸೊಂಡೆಯ ತಾಯಿ,
ಸೊಂಟದ ಚಿತೆಂಗೆ ಬಿಗಿದುಕೊಂಡು ಮಣೆ ಹಾಕಿದಳು:
"ಕೂತುಕೊಳ್ಳಿ ಸಾಹೇಬರೇ, ಎಂಥಾ ಬಿಸಿಲು!"
ಜೂನ್ ತಿಂಗಳ ಚಳಿ. ಕೂತೆ.
ಬೇಯಿಸಿದ ಗೆಣಸು ಕೊಟ್ಟಳು, ಮೇಲೊಂದಿಷ್ಟು ಕಡಲೆಬೆಣ್ಣೆ.
ನನ್ನ ಊರು ಕೇಳಿದಳು. ಅಜ್ಜಿಯ ಊರು ಕೇಳಿದಳು.
ಅಜ್ಜಿಯ ಊರ ಹೊಳೆಯಲ್ಲಿ ಈಗಲೂ ಮೀನಿದೆಯೇ
ಎನ್ನುವಾಗ ಹಿಂದಿನ ಓಣಿಯಲ್ಲಿ
ಕೈಗಾಡಿಯ ಒಂಟಿಗಾಲಿ ಕಿರುಗುಟ್ಟಿತು.
ಅವಳು ದನಿ ಏರಿಸಿದಳು.
ಗಾಲಿಯೂ ಏರಿಸಿತು.
ಚಾಪೆಯ ಪರದೆ ಸರಿಸಿ ಕಸೊಂಡೆ, ಹದಿಮೂರರ ಹುಡುಗ,
ಬೆವರು ಕಣ್ಣಿಗಿಳಿದು ನನ್ನನ್ನು ಕಾಣದೆ,
"ಅಮ್ಮಾ, ಆರನೆಯವರಿಗೆ ಎಷ್ಟು ಹೊತ್ತಿಗೆ?" ಎಂದ.

ಮೊಣಕೈ ಮೇಲೆ ಕೂತ ನೊಣವನ್ನೂ ಅವಳು ಓಡಿಸಲಿಲ್ಲ.
ಗಾಡಿಯಲ್ಲಿ ಅದೇ ನೆಗ್ಗು.
ನೆನ್ನೆ ಬಳಿದ ಹಸಿರು ಅವನ ಅಂಗೈಗೆ ಹತ್ತಿತ್ತು.

ಆಮೇಲೆ ಹೇಳಿದಳು, ಲೆಕ್ಕ ಒಪ್ಪಿಸುವವರಂತಲ್ಲ,
ಅಡುಗೆ ಹೇಳಿಕೊಡುವವರಂತೆ:
ಮಂಜೂರಾದದ್ದು ತಲೆಗೆ ಆರು ಸಾವಿರ ಕ್ವಾಚಾ.
ನೋಂದಣಿಗೆ ಇಷ್ಟು, ತರಬೇತಿಗೆ ಇಷ್ಟು,
ಹಣ ಕೊಟ್ಟ ದಿನ ಕಟ್ಟಿದ ಬ್ಯಾನರಿಗೆ ಇಷ್ಟು.
ಹದಿನಾಲ್ಕು ತಿಂಗಳು ಕಾಯುವಷ್ಟರಲ್ಲಿ
ಬೆಲೆ ತಾನೇ ತಿಂದದ್ದು ಇಷ್ಟು.
ಉಳಿದದ್ದರಲ್ಲಿ ಒಬ್ಬರಿಗೊಂದು ಬೆಲ್ಟು ಬರುತ್ತಿತ್ತು.
ಗುಂಪಾಗಿ ಕೇಳಬಹುದಿತ್ತಲ್ಲ?
ಕೇಳಿದ್ದೆವು. ಗುಂಪಿಗಿಲ್ಲ, ಒಬ್ಬೊಬ್ಬರಿಗೇ ಎಂದಿತು ನಿಯಮ.
ಹನ್ನೊಂದು ಜನರ ಹುಲ್ಲುಕಡ್ಡಿ ಸೇರಿ ಒಂದು ಮೋಟರಾಯಿತು.
ಸೋಮವಾರ ಬ್ವಾಲ್ಯ, ಮಂಗಳವಾರ ಬೆಳಿಗ್ಗೆ ನಾನು,
ಸಂಜೆ ಕಪೆಂಬ್ವ. ಮನೆಯಲ್ಲಿ ಬಾಣಂತಿ ಇದ್ದವರಿಗೆ
ಯಾವ ವಾರವಾದರೂ ಮೊದಲು.

"ನೆಗ್ಗು?" ಎಂದೆ.
"ಅದೇ? ಮೊದಲ ದಿನ, ಲಾರಿಯಿಂದ ಇಳಿಸುವಾಗ.
ಹನ್ನೊಂದು ಜನವೂ ನಾ ಮುಂದು ತಾ ಮುಂದು ಎಂದು
ಒಟ್ಟಿಗೆ ಎತ್ತಲು ಹೋದೆವು."

ಹಾಳೆ ಮಡಿಲಲ್ಲಿತ್ತು. ಪೆನ್ನಿನ ಮೂತಿಗೆ
ಕಡಲೆಬೆಣ್ಣೆ ಮೆತ್ತಿತ್ತು, ಒರೆಸಿ ಬರೆದೆ.
ಕಂಡದ್ದನ್ನೇ ಬರೆದೆ.

ಆರನೆಯ ಅಂಗಡಿಗೆ ನೂರು ಹೆಜ್ಜೆ.
ನಡುದಾರಿಯಲ್ಲಿ ನಿಂತು, ಬಾಗಿ,
ಬಿಚ್ಚಿರದ ಬೂಟಿನ ದಾರವನ್ನು ಬಿಚ್ಚಿ ಕಟ್ಟಿದೆ.
ಇನ್ನೊಂದು ಕಾಲಿನದನ್ನೂ.
ಹಿಂದಿನ ಓಣಿಯಲ್ಲಿ ಗಾಲಿ ನನ್ನನ್ನು ದಾಟಿ ಹೋಯಿತು,
ಊರಿಗೆಲ್ಲ ಕೇಳುವಂತೆ ಕಿರುಚುತ್ತ.

ಹನ್ನೊಂದನೆಯದು ಮುಗಿದಾಗ ಹೊತ್ತು ಇಳಿದಿತ್ತು.
ಕಸೊಂಡೆ ಗಾಡಿಗೊರಗಿ ನಿದ್ದೆ ಹೋಗಿದ್ದ.
ಎಬ್ಬಿಸಲಿಲ್ಲ. ಅವನ ತಾಯಿಗೆ ಹೇಳಿದೆ:
ಮುಂದಿನ ವರ್ಷ ನಾನೇ ಬರುತ್ತೇನೆಂದಿಲ್ಲ.
ಆ ಗಾಲಿಗೆ ಒಂದಿಷ್ಟು ಎಣ್ಣೆ ಹಾಕಿ.